ಕೆಂಪು ಟೇಪು, ಹಳದಿ ಟೇಪು ಮತ್ತು ಜಪಾನಿನ ಅನಿಮೆ

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ಕಳೆದ ಭಾನುವಾರದ ನಿಮ್ಮ ಯುವ ಪುರವಣಿಯಲ್ಲಿ ಜಪಾನಿನ ಅನಿಮೆಗಳ, ಎಂದರೆ ಕಾರ್ಟೂನ್ ಚಿತ್ರಗಳ ಬಗ್ಗೆ ಒಂದು ಪುಟ ಬಂದಿತ್ತು. ಪುಟದ ನಡುವೆ ಎರಡು ಚೌಕ. ನೀಲಿ ಚೌಕದ ನೆತ್ತಿಯ ಮೇಲೆ ‘ಹುಡುಗರು ನೋಡಬೇಕಾದವು’, ಗುಲಾಬಿ ಚೌಕದ ನೆತ್ತಿಯ ಮೇಲೆ ‘ಹುಡುಗಿಯರು ನೋಡಬೇಕಾದವು’. ಶೋನೆನ್, ಶೋಜೊ ಎಂದು ಜಪಾನಿನವರು ಕರೆಯುವ ಎರಡು ಪ್ರಕಾರಗಳು ಇವು ಎಂದು ಕೆಳಗೆ ಸಣ್ಣ ಅಕ್ಷರದ ವಿವರಣೆ. ಚಿತ್ರಗಳು ಚೆನ್ನಾಗಿದ್ದವು, ಬರೆದವರು ಒಂದಷ್ಟು ನೋಡಿಯೇ ಬರೆದಿದ್ದಾರೆ ಎಂಬುದೂ ತಿಳಿಯುತ್ತಿತ್ತು. ಆದರೆ ಆ ಎರಡು ಚೌಕಗಳಿಂದ ನಮ್ಮ ಮನೆಯಲ್ಲಿ ಸೋಮವಾರ ಬೆಳಿಗ್ಗೆ ಶುರುವಾದ ರಗಳೆ ಇನ್ನೂ ಮುಗಿದಿಲ್ಲ. ಅದಕ್ಕೇ ಈ ಪತ್ರ. ಉದ್ದವಾಯಿತೆಂದು ಕತ್ತರಿ ಆಡಿಸುವುದಿದ್ದರೆ ಕೊನೆಯಿಂದ ಆಡಿಸಿ, ನಡುವಿಗೆ ಕೈ ಹಾಕಬೇಡಿ.

ನಡೆದದ್ದು ಇಷ್ಟು. ನನ್ನ ಮಗಳಿಗೆ ಇಬ್ಬರು ಮಕ್ಕಳು. ದೊಡ್ಡವಳು ಮೊದಲ ಪಿಯುಸಿ, ಕಾಲೇಜಿನ ವಾಲಿಬಾಲ್ ತಂಡದಲ್ಲಿದ್ದಾಳೆ. ಚಿಕ್ಕವನು ಏಳನೇ ತರಗತಿ, ಮೈದಾನಕ್ಕಿಂತ ಮನೆಯ ಮೂಲೆಯನ್ನು ಇಷ್ಟಪಡುವ ಹುಡುಗ. ಬೇಸಿಗೆ ರಜೆಯಲ್ಲಿ ಅವನು ‘ಚಿಹಾಯಾಫುರು’ ಎಂಬ ಅನಿಮೆಗೆ ಅಂಟಿಕೊಂಡ. ಕಾರುತಾ ಎಂಬ ಎಲೆಯಾಟದಲ್ಲಿ ಗೆಲ್ಲಬೇಕೆಂದು ಹಟ ಹಿಡಿದ ಹುಡುಗಿಯೊಬ್ಬಳ ಕಥೆ ಅದು. ನೀವು ಅದನ್ನು ಗುಲಾಬಿ ಚೌಕದಲ್ಲಿ ಹಾಕಿದ್ದಿರಿ. ಅಕ್ಕ ಊಟ ಬಿಟ್ಟು ನೋಡುವ ವಾಲಿಬಾಲಿನ ‘ಹೈಕ್ಯೂ’ ನೀಲಿಯಲ್ಲಿತ್ತು. ಶಾಲೆಯ ವ್ಯಾನಿಗೆ ಯಾರೋ ಆ ಪುಟವನ್ನು ಮಡಚಿಕೊಂಡು ತಂದಿದ್ದರಂತೆ. ಮೂರು ದಿನ ಅವನನ್ನು ‘ಗುಲಾಬಿ’ ಎಂದೇ ಕೂಗಿದರು. ಗುರುವಾರ ಬೆಳಿಗ್ಗೆ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತು, ‘ತಾತ, ವ್ಯಾನು ಬೇಡ, ನೀನೇ ಸ್ಕೂಟರಿನಲ್ಲಿ ಬಿಟ್ಟು ಬಾ’ ಎಂದ. ಜೂನ್ ತಿಂಗಳ ಜಡಿಮಳೆ. ಇಬ್ಬರೂ ತೊಯ್ದುಕೊಂಡೇ ಹೋದೆವು. ದಾರಿಯುದ್ದಕ್ಕೂ ಅವನೂ ಮಾತನಾಡಲಿಲ್ಲ, ನಾನೂ ಕೇಳಲಿಲ್ಲ. ವಿಷಯ ತಿಳಿದದ್ದು ಸಂಜೆ, ಅವನ ಅಕ್ಕನಿಂದ.

ನಿಮ್ಮನ್ನು ದೂರುವ ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಹಾಸನದ ಬಿ.ಎಂ. ರಸ್ತೆಯಿಂದ ಒಳಗೆ ಹೋಗುವ ಅಡ್ಡರಸ್ತೆಯೊಂದರಲ್ಲಿ, ಹತ್ತಡಿ ಅಗಲದ ಮಳಿಗೆಯಲ್ಲಿ, 1986ರಿಂದ 31 ವರ್ಷ ಬಾಡಿಗೆಗೆ ಕಾದಂಬರಿ ಕೊಟ್ಟವನು ನಾನು. ಈಗ ಅಲ್ಲಿ ಜೆರಾಕ್ಸ್, ಲ್ಯಾಮಿನೇಷನ್, ನೋಟ್‌ಬುಕ್ಕು. ಹಿಂದಿನ ಎರಡು ಕಪಾಟುಗಳಲ್ಲಿ ಹಳೆಯ ಪುಸ್ತಕಗಳು ಇನ್ನೂ ಇವೆ, ಹಳೆಯ ಲೆಡ್ಜರುಗಳೂ ಇವೆ. ಅಂಗಡಿ ತೆರೆದ ಎರಡನೇ ವರ್ಷ ಪುಸ್ತಕಗಳ ಬೆನ್ನಿಗೆ ಬಣ್ಣದ ಟೇಪು ಅಂಟಿಸಿದೆ. ಪತ್ತೇದಾರಿಗೆ ಕೆಂಪು. ಸಾಂಸಾರಿಕಕ್ಕೆ ಹಳದಿ, ಹಳದಿಯ ಮೇಲೆ ಮಾರ್ಕರಿನಲ್ಲಿ ‘ಹೆಂ.ಕಾ.’, ಎಂದರೆ ಹೆಂಗಸರ ಕಾದಂಬರಿ. ಓದುಗರಿಗೆ ಅನುಕೂಲವಾಗಲಿ ಎಂದು ಮಾಡಿದ್ದೇನೆಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದೆ. ಅದು ಸುಳ್ಳು. ಸಂಜೆ ಐದೂವರೆಯಿಂದ ಏಳರವರೆಗೆ ಕಚೇರಿ ಬಿಟ್ಟವರೆಲ್ಲ ಒಟ್ಟಿಗೆ ಬರುತ್ತಿದ್ದರು, ಕತ್ತು ಓರೆ ಮಾಡಿ ಒಂದೊಂದೇ ಹೆಸರು ಓದುತ್ತ ಕೂರಲು ನನಗೆ ಪುರಸೊತ್ತು ಇರುತ್ತಿರಲಿಲ್ಲ. ಸೀರೆ ಉಟ್ಟವರು ಬಂದರೆ ಕೈ ತಾನಾಗಿ ಹಳದಿಗೆ ಹೋಗಬೇಕು, ಪ್ಯಾಂಟು ತೊಟ್ಟವರು ಬಂದರೆ ಕೆಂಪಿಗೆ. ಅಷ್ಟಕ್ಕೇ ಮಾಡಿಕೊಂಡ ಏರ್ಪಾಡು.

ಲೆಡ್ಜರು ಬೇರೆಯೇ ಕಥೆ ಹೇಳುತ್ತಿತ್ತು. ಹುಡುಗಿಯರ ಶಾಲೆಯ ಮುಖ್ಯೋಪಾಧ್ಯಾಯಿನಿಯೊಬ್ಬರು ಪ್ರತಿ ಶನಿವಾರ ಬರುತ್ತಿದ್ದರು. ಅವರ ಹೆಸರಿನ ಮುಂದೆ ಎಂಟು ವರ್ಷ ಬರೀ ಕೆಂಪು. ಕೊಲೆಯಿಲ್ಲದ ಪುಸ್ತಕ ಕೊಟ್ಟರೆ ಸೋಮವಾರವೇ ವಾಪಸು ಬರುತ್ತಿತ್ತು. ಕೊಂಡೊಯ್ಯುವಾಗ ಮಾತ್ರ ಮೇಲೊಂದು ಪತ್ರಿಕೆಯ ಹಾಳೆ ಸುತ್ತಿಕೊಳ್ಳುತ್ತಿದ್ದರು. ನಿಮ್ಮ ಪತ್ರಿಕೆಯೇ ಇರಬೇಕು, ಅಗಲ ಹೆಚ್ಚು.

ಇನ್ನೊಬ್ಬರು ಸಕಲೇಶಪುರದ ಕಡೆಯ ಕಾಫಿ ಎಸ್ಟೇಟಿನ ರೈಟರು. ಗಿರಿಜಾ ಮೀಸೆ, ಖಾಕಿ ಚಡ್ಡಿ, ಸೊಂಟದಲ್ಲಿ ಬೀಗದ ಕೈಗೊಂಚಲು. ಸಂತೆಗೆ ಬಂದಾಗ ನಾಲ್ಕು ಹಳದಿ ಒಯ್ಯುತ್ತಿದ್ದರು. ಪ್ರತಿ ಸಲವೂ, ನಾನು ಕೇಳದಿದ್ದರೂ, ‘ನಮ್ಮ ಮನೆಯವರಿಗೆ’ ಎನ್ನುತ್ತಿದ್ದರು. ಒಮ್ಮೆ ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ಹೆಂಡತಿಯನ್ನೂ ದರ್ಶನಕ್ಕೆ ಕರೆತಂದಿದ್ದರು. ನಾನು ಮಾತಿಗೆಂದು, ‘ಹೋದ ವಾರದ ಕಾದಂಬರಿ ಹೇಗಿತ್ತಮ್ಮ?’ ಎಂದೆ. ಆ ತಾಯಿ ನಕ್ಕುಬಿಟ್ಟರು. ‘ನನಗೆಲ್ಲಿ ಓದಲು ಬರುತ್ತದೆ? ಇವರೇ ರಾತ್ರಿ ಕೂತು ಓದುತ್ತಾರೆ, ಆಮೇಲೆ ಶೀತವಾಗಿದೆ ಎಂದು ಮೂಗು ಒರೆಸಿಕೊಳ್ಳುತ್ತಾರೆ.’ ರೈಟರು ಎದುರಿನ ಲಾಟರಿ ಅಂಗಡಿಯ ಬೋರ್ಡನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದರು.

ಇಷ್ಟಾದ ಮೇಲೂ ನಾನು ಟೇಪು ಕೀಳಲಿಲ್ಲ. ಅಭ್ಯಾಸವಾಗಿತ್ತು.

ಈಗ ಜಪಾನಿಗೆ ಬರುತ್ತೇನೆ. ಶೋನೆನ್ ಎಂದರೆ ಹುಡುಗ, ಶೋಜೊ ಎಂದರೆ ಹುಡುಗಿ, ಸೇನೆನ್ ಎಂದರೆ ತರುಣ, ಜೋಸೇ ಎಂದರೆ ಹೆಂಗಸು. ಚಿಕ್ಕ ಮಕ್ಕಳದಕ್ಕೆ ಕೊಡೊಮೊ. ಪದಗಳ ಅರ್ಥ ಇಷ್ಟೇ. ಆದರೆ ಇವು ಪತ್ತೇದಾರಿ, ಹಾಸ್ಯ, ಪೌರಾಣಿಕ ಎಂಬ ಹಾಗೆ ಕಥೆಯ ಬಗೆಗಳ ಹೆಸರುಗಳಲ್ಲ. ಅಲ್ಲಿನ ಎಷ್ಟೋ ಅನಿಮೆಗಳು ಮೊದಲು ಮಾಂಗಾ ಆಗಿ, ಎಂದರೆ ಚಿತ್ರಕಥೆಯಾಗಿ, ವಾರಪತ್ರಿಕೆಯಲ್ಲೋ ಮಾಸಪತ್ರಿಕೆಯಲ್ಲೋ ಧಾರಾವಾಹಿಯಾಗಿ ಬಂದಂಥವು. ಪತ್ರಿಕೆ ಯಾರಿಗೆಂದು ಅಚ್ಚಾಗುತ್ತದೋ ಅದೇ ಹಣೆಪಟ್ಟಿ ಮಾಂಗಾಕ್ಕೆ, ಅಲ್ಲಿಂದ ಅನಿಮೆಗೆ. ಒಂದೇ ಹುಡುಗರ ವಾರಪತ್ರಿಕೆಯೊಳಗೆ ದೆವ್ವ, ಅಡುಗೆ, ಬೇಸ್‌ಬಾಲ್, ಪ್ರೇಮ, ಕೊಲೆ ಎಲ್ಲವೂ ಇರುತ್ತವೆ. ‘ಇದು ಶೋನೆನ್ ಪ್ರಕಾರದ ಕಥೆ’ ಎನ್ನುವುದು ‘ಇದು ಭಾನುವಾರದ ಪುರವಣಿ ಪ್ರಕಾರದ ಕವಿತೆ’ ಎಂದ ಹಾಗೆ.

ಇದನ್ನು ನಾನು ಕಣ್ಣಾರೆ ಕಂಡದ್ದು ಹೇಗೆಂದರೆ, ನಮ್ಮ ಹಳೆಯ ಗಿರಾಕಿಯೊಬ್ಬರ ಮಗ ನಾಗೋಯಾದಲ್ಲಿ ಎಂಜಿನಿಯರು. ಹೋದ ವರ್ಷ ಊರಿಗೆ ಬಂದಾಗ, ಪುಸ್ತಕದಂಗಡಿಯ ಮಾಮನಿಗೆಂದು ಎರಡು ಪತ್ರಿಕೆ ತಂದುಕೊಟ್ಟ. ಒಂದು ಹುಡುಗರ ವಾರಪತ್ರಿಕೆ, ಒಂದು ತರುಣರದು. ಹಳೆಯ ಟೆಲಿಫೋನ್ ಡೈರೆಕ್ಟರಿಯಷ್ಟು ದಪ್ಪ, ಒರಟು ಕಾಗದ, ಹುಡುಗರದರಲ್ಲಿ ಕೆಲವು ಹಾಳೆಗಳಿಗೆ ತೆಳು ಗುಲಾಬಿ, ತೆಳು ಹಸಿರು ಬಣ್ಣ. (ಹುಡುಗರ ಪತ್ರಿಕೆಯಲ್ಲೇ ಗುಲಾಬಿ ಹಾಳೆ! ವ್ಯಾನಿನ ಹುಡುಗರಿಗೆ ತೋರಿಸಬೇಕು.) ಬಲದಿಂದ ತೆರೆಯಬೇಕು. ನನಗೆ ಒಂದಕ್ಷರವೂ ಬಾರದು. ಆದರೆ ಮೂವತ್ತು ವರ್ಷ ಅಚ್ಚಿನ ಕಾಗದ ಮುಟ್ಟಿದ ಕೈಗೆ ಒಂದು ವ್ಯತ್ಯಾಸ ಕಂಡಿತು. ಹುಡುಗರದರಲ್ಲಿ ಪ್ರತಿಯೊಂದು ದೊಡ್ಡ ಅಕ್ಷರದ ಪಕ್ಕದಲ್ಲೂ ಇರುವೆಸಾಲಿನಂತೆ ಪುಟ್ಟ ಅಕ್ಷರಗಳು. ತರುಣರದರಲ್ಲಿ ಅವು ಇಲ್ಲ. ದೊಡ್ಡವಳು ಮೊಬೈಲಿನಲ್ಲಿ ಜಪಾನಿ ಕಲಿಯುತ್ತಿದ್ದಾಳೆ, ಅವಳು ಬಿಡಿಸಿ ಹೇಳಿದಳು: ದೊಡ್ಡವು ಚೀನೀ ಮೂಲದ ಕಾಂಜಿ ಅಕ್ಷರಗಳು, ಎರಡು ಸಾವಿರ ಕಲಿತರಷ್ಟೇ ಸರಾಗ ಓದು. ಪುಟ್ಟವು ಉಚ್ಚಾರ ಹೇಳಿಕೊಡುವ ಫುರಿಗಾನಾ. ಇನ್ನೂ ಕಾಂಜಿ ಕಲಿಯುತ್ತಿರುವ ಮಕ್ಕಳಿಗಾಗಿ ಹುಡುಗರ, ಹುಡುಗಿಯರ ಪತ್ರಿಕೆಗಳು ಅದನ್ನು ಅಚ್ಚು ಹಾಕುತ್ತವೆ, ದೊಡ್ಡವರ ಪತ್ರಿಕೆಗಳು ಸಾಮಾನ್ಯವಾಗಿ ಹಾಕುವುದಿಲ್ಲ. ಶೋನೆನ್‌ಗೂ ಸೇನೆನ್‌ಗೂ ನಡುವಿನ ಗೆರೆ ಎಲ್ಲಿದೆ ಎಂದು ಪಂಡಿತರು ಚರ್ಚೆ ಮಾಡಲಿ, ನನ್ನ ಕಣ್ಣಿಗೆ ಬಿದ್ದದ್ದು ಈ ಇರುವೆಸಾಲು.

ಹುಡುಗರದು, ಹುಡುಗಿಯರದು ಎಂಬ ಈ ಕಪಾಟುಗಳು ಹುಟ್ಟಿದ್ದಕ್ಕೂ ಕಾರಣವಿದೆ. 1895ರಲ್ಲಿ ಟೋಕಿಯೊದ ಪ್ರಕಾಶಕರೊಬ್ಬರು ‘ಶೋನೆನ್ ಸೆಕಾಯ್’, ಎಂದರೆ ‘ಹುಡುಗರ ಜಗತ್ತು’ ಎಂಬ ಪತ್ರಿಕೆ ತೆಗೆದರು. 1899ರಲ್ಲಿ ಸರ್ಕಾರ ಹೆಣ್ಣುಮಕ್ಕಳ ಪ್ರೌಢಶಾಲೆಗಳಿಗೆ ಪ್ರತ್ಯೇಕ ಆದೇಶ ಹೊರಡಿಸಿತು. ಒಳ್ಳೆಯ ಹೆಂಡತಿ, ವಿವೇಕಿ ತಾಯಿ ಆಗಬೇಕು ಎಂಬುದು ಆ ಶಾಲೆಗಳ ಗುರಿ. ಶಾಲೆ ಬೇರೆಯಾಯಿತು, ಓದುವ ಹೆಣ್ಣುಮಕ್ಕಳ ಸಂಖ್ಯೆ ಬೆಳೆಯಿತು, 1906ರಲ್ಲಿ ಅದೇ ಪ್ರಕಾಶಕರು ‘ಶೋಜೊ ಸೆಕಾಯ್’ ಎಂದು ಜೋಡಿ ಪತ್ರಿಕೆ ತೆಗೆದರು. ನಾನು ಹಳದಿ ಟೇಪು ಕೊಂಡ ಹಾಗೆ. ಮುಂದೆ 1959ರ ಮಾರ್ಚ್ 17ರಂದು, ಒಂದೇ ದಿನ, ಎರಡು ಪ್ರಕಾಶನಗಳು ಹುಡುಗರಿಗೆಂದು ಎರಡು ವಾರಪತ್ರಿಕೆ ಹೊರತಂದವು. ಅವನ್ನು ಓದಿದ ಹುಡುಗರು ಬೆಳೆದು ಕಾಲೇಜಿಗೆ ಹೋಗುವ ಹೊತ್ತಿಗೆ, 1960ರ ದಶಕದ ಕೊನೆಯಲ್ಲಿ, ತರುಣರ ಪತ್ರಿಕೆಗಳು ಬಂದವು. ಹುಡುಗಿಯರ ಪತ್ರಿಕೆ ಓದಿದವರು ಸಂಸಾರಸ್ಥರಾದ ಮೇಲೆ, 1980ರ ಸುಮಾರಿಗೆ, ಹೆಂಗಸರದು. ಗಿರಾಕಿ ಕೈಬಿಟ್ಟು ಹೋಗಬಾರದಲ್ಲ. ವ್ಯಾಪಾರಿಯಾಗಿ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ, ತಪ್ಪೆಂದೂ ಹೇಳಲಾರೆ. 1968ರಲ್ಲಿ ಶುರುವಾದ ‘ಶೋನೆನ್ ಜಂಪ್’ 1994ರ ಕೊನೆಗೆ ವಾರಕ್ಕೆ 65 ಲಕ್ಷ ಪ್ರತಿ ದಾಟಿತ್ತು. ಪತ್ರಿಕೆಯೊಳಗೇ ಒಂದು ಕಾರ್ಡು ಇಟ್ಟು, ಈ ವಾರ ಮೆಚ್ಚಿದ ಮೂರು ಕಥೆ ಯಾವುವು ಎಂದು ಓದುಗರನ್ನು ಕೇಳುತ್ತಿದ್ದರು. ಮತ ಬೀಳದ ಕಥೆಗೆ ಮಂಗಳ. ಕಾರ್ಡು ಬರೆದವರು ಹುಡುಗರೋ ಹುಡುಗಿಯರೋ ಎಂದು ಮತ ತಿರಸ್ಕರಿಸುವ ಅಂಗಡಿಯವನನ್ನು ನಾನಂತೂ ಕಂಡಿಲ್ಲ.

ಪದದ ವಿಷಯದಲ್ಲೂ ಒಂದು ತಮಾಷೆ ಇದೆ. ಜಪಾನಿನ ಬಾಲಾಪರಾಧ ಕಾಯಿದೆ 1948ರದು. ಅದರ ಹೆಸರಿನಲ್ಲೇ ‘ಶೋನೆನ್’ ಇದೆ. ಇಪ್ಪತ್ತು ತುಂಬದ ಯಾರೇ ಆದರೂ, ಹೆಣ್ಣಾಗಲಿ ಗಂಡಾಗಲಿ, ಆ ಕಾಯಿದೆಗೆ ಶೋನೆನ್. ನಮ್ಮಲ್ಲಿ ಇಲ್ಲವೇ? ಸಂಜೆ ಮನೆಗೆ ಬಂದ ನೆಂಟರು ‘ಹುಡುಗರೆಲ್ಲಿ, ಕಾಣುತ್ತಿಲ್ಲ?’ ಎಂದರೆ ನಮ್ಮ ಇಬ್ಬರೂ ಮೊಮ್ಮಕ್ಕಳು ಒಳಗಿನಿಂದ ಓಡಿ ಬರುತ್ತಾರೆ. ದೊಡ್ಡವಳು ‘ನನ್ನನ್ನು ಕೇಳಲಿಲ್ಲ’ ಎಂದು ಒಳಗೇ ಕೂರುವುದಿಲ್ಲ, ಅದೂ ನೆಂಟರ ಕೈಯಲ್ಲಿ ಮೈಸೂರುಪಾಕಿನ ಪೊಟ್ಟಣ ಇದ್ದಾಗ. 1990ರ ದಶಕದಲ್ಲಿ ದೂರದರ್ಶನದಲ್ಲಿ ಹಿಂದಿಯಲ್ಲಿ ಬರುತ್ತಿದ್ದ ಮೋಗ್ಲಿಯ ಧಾರಾವಾಹಿ ನಿಮ್ಮ ವಯಸ್ಸಿನವರಿಗೆ ನೆನಪಿರಬಹುದು. ಅದು ಜಪಾನಿನಲ್ಲಿ ತಯಾರಾದ ಅನಿಮೆ, ಅಲ್ಲಿನ ಹೆಸರಿನಲ್ಲಿ ‘ಶೋನೆನ್ ಮೋಗ್ಲಿ’ ಎಂದೇ ಇತ್ತು. ನಮ್ಮ ಬೀದಿಯಲ್ಲಿ ಬಣ್ಣದ ಟಿವಿ ಇದ್ದದ್ದು ಎರಡು ಮನೆಯಲ್ಲಿ. ಭಾನುವಾರ ಬೆಳಿಗ್ಗೆ ನಮ್ಮ ಹಜಾರದಲ್ಲಿ ಚಪ್ಪಲಿ ಬಿಡಲು ಜಾಗ ಇರುತ್ತಿರಲಿಲ್ಲ, ಆ ಚಪ್ಪಲಿಗಳಲ್ಲಿ ಅರ್ಧ ಹುಡುಗಿಯರವು. ನನ್ನ ಮಗಳು ತೋಳದ ಮರಿಯ ಹಾಗೆ ಕೂಗುತ್ತ ಮಾಳಿಗೆ ಮೆಟ್ಟಿಲಿಂದ ಹಾರಿ ಮೊಣಕಾಲು ಒಡೆದುಕೊಂಡಿದ್ದಳು. ಇದು ಹುಡುಗರದು ಎಂದು ಹೇಳುವ ಪುರವಣಿ ಆಗ ಇರಲಿಲ್ಲ, ಹೊಲಿಗೆ ಮಾತ್ರ ಮೂರು ಬಿದ್ದವು.

ನಿಮ್ಮ ಚೌಕಗಳೊಳಗಿನ ಹೆಸರುಗಳನ್ನೇ ಒಂದೆರಡು ನೋಡಿ. ವಾಲಿಬಾಲ್ ನೀಲಿಯಲ್ಲಿದೆ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ವಾಲಿಬಾಲ್ ಮೊದಲ ಬಾರಿಗೆ ಸೇರಿದಾಗ ಚಿನ್ನ ಗೆದ್ದದ್ದು ಜಪಾನಿನ ಹೆಂಗಸರು, ಸೋವಿಯತ್ ತಂಡವನ್ನು ಸೋಲಿಸಿ. ಆ ತಂಡದ ಹೆಚ್ಚಿನವರು ಒಂದು ನೂಲಿನ ಗಿರಣಿಯ ಕೆಲಸಗಾರ್ತಿಯರು. ಆ ಗೆಲುವಿನ ಬಿಸಿಯಲ್ಲೇ 1968ರಲ್ಲಿ ಹುಡುಗಿಯರ ವಾರಪತ್ರಿಕೆಯೊಂದರಲ್ಲಿ ವಾಲಿಬಾಲಿನ ಮಾಂಗಾ ಶುರುವಾಯಿತು, ಮರುವರ್ಷ ಟಿವಿಗೂ ಬಂತು. ‘ಹೈಕ್ಯೂ’ ಹುಡುಗರ ಪತ್ರಿಕೆಯಲ್ಲಿ ಬಂದದ್ದು 2012ರಲ್ಲಿ. ನಡುವೆ 44 ವರ್ಷ. ಇದನ್ನು ಕೇಳಿದ ಮೇಲೆ ದೊಡ್ಡವಳು ನಿಮ್ಮ ನೀಲಿ ಚೌಕವನ್ನು ಕತ್ತರಿಸಿ ತನ್ನ ಕಿಟ್ ಬ್ಯಾಗಿನೊಳಗೆ ಇಟ್ಟುಕೊಂಡಿದ್ದಾಳೆ. ಯಾಕೆಂದು ಹೇಳುತ್ತಿಲ್ಲ.

ಬರೆಯುವವರನ್ನು ನೋಡಿದರೆ ಇನ್ನೂ ಗೊಂದಲ. ಹುಡುಗಿಯರ ಕಪಾಟಿನ ದೊಡ್ಡ ಹೆಸರುಗಳಲ್ಲಿ ಒಂದು ಒಸಾಮು ತೆಜುಕಾ ಎಂಬ ಗಂಡಸು. ಅವರು ಬೆಳೆದ ತಕರಾಜುಕಾ ಊರಿನಲ್ಲಿ ಬರೀ ಹೆಂಗಸರ ನಾಟಕ ಮಂಡಳಿ ಇದೆ, ರಾಜಕುಮಾರನ ಪಾತ್ರವೂ ಹೆಂಗಸಿನದೇ. ಅದನ್ನು ನೋಡುತ್ತ ಬೆಳೆದವರು 1953ರಲ್ಲಿ ಹುಡುಗಿಯರ ಪತ್ರಿಕೆಗೆ ಒಂದು ಕಥೆ ಬರೆದರು. ಗಂಡುಹೃದಯ, ಹೆಣ್ಣುಹೃದಯ ಎರಡನ್ನೂ ಹೊತ್ತು ಹುಟ್ಟಿ, ಸಿಂಹಾಸನಕ್ಕಾಗಿ ರಾಜಕುಮಾರನ ವೇಷದಲ್ಲಿ ಕತ್ತಿ ಹಿಡಿಯುವ ರಾಜಕುಮಾರಿ. ನಮ್ಮ ಕಡೆಯವರಿಗೆ ಇದು ವಿಚಿತ್ರವೆನಿಸಬೇಕಾಗಿಲ್ಲ. ಹಿಂದೆ ಹಳ್ಳಿಯ ಪೌರಾಣಿಕ ನಾಟಕದಲ್ಲಿ ದ್ರೌಪದಿಗೆ ಗಡ್ಡ ಬೋಳಿಸಿಕೊಂಡು ಬರಬೇಕಿತ್ತು. ಈಗ ಹೆಂಗಸರೇ ತಂಡ ಕಟ್ಟಿ ಕುರುಕ್ಷೇತ್ರ ಆಡುತ್ತಾರೆ. ಹೋದ ವರ್ಷ ಹಾಸನಾಂಬ ಕಲಾಕ್ಷೇತ್ರದಲ್ಲಿ ನಾನು ಕಂಡ ದುರ್ಯೋಧನನ ತೊಡೆ ತಟ್ಟುವಿಕೆಗೆ ಮುಂದಿನ ಸಾಲಿನ ಮಗುವೊಂದು ಅತ್ತುಬಿಟ್ಟಿತು. ವೇಷ ಕಳಚಿದ ಮೇಲೆ ನೋಡಿದರೆ ನಮ್ಮ ಅಂಗಡಿಗೆ ಜೆರಾಕ್ಸಿಗೆ ಬರುವ ಅಂಗನವಾಡಿ ಕಾರ್ಯಕರ್ತೆ.

ಹುಡುಗರ ಕಪಾಟಿನಲ್ಲಿ ಇದರ ತಿರುವು. ಇಬ್ಬರು ಅಣ್ಣತಮ್ಮಂದಿರ ರಸವಿದ್ಯೆಯ ಕಥೆ ನಿಮ್ಮ ನೀಲಿ ಚೌಕದಲ್ಲಿ ಮೂರನೆಯದು. ಬರೆದವರು ಹಿರೋಮು ಅರಕಾವಾ, ಹೆಂಗಸು. ಹುಟ್ಟುಹೆಸರು ಹಿರೋಮಿ. ಹುಡುಗರ ಪತ್ರಿಕೆಯಲ್ಲಿ ಬರೆಯುವಾಗ ಒಂದು ಸ್ವರ ಬದಲಿಸಿ ಗಂಡು ಹೆಸರಿನಂತೆ ಮಾಡಿಕೊಂಡರು. ಊರು ಹೊಕ್ಕೈಡೊ, ಹಾಲಿಗೂ ಆಲೂಗಡ್ಡೆಗೂ ಜಪಾನಿನಲ್ಲಿ ಹೆಸರಾದ ಸೀಮೆ. ಹಾಸನದವನಿಗೆ ಇದಕ್ಕಿಂತ ಹತ್ತಿರದ ಪರಿಚಯ ಬೇಕೇ? ಚಿತ್ರ ಬರೆಯಲು ಟೋಕಿಯೊಗೆ ಹೋಗುವ ಮೊದಲು ಏಳು ವರ್ಷ ಮನೆಯ ಕೊಟ್ಟಿಗೆಯಲ್ಲಿ ದುಡಿದವರು. ತನ್ನನ್ನೇ ಚಿತ್ರಿಸಿಕೊಳ್ಳುವಾಗ ಕನ್ನಡಕ ಹಾಕಿದ ಹಸುವನ್ನು ಬರೆಯುತ್ತಾರೆ. ಡೇರಿಗೆ ಹಾಲು ಹಾಕಿ ಬರುವ ನಮ್ಮ ಪಕ್ಕದ ಮನೆಯವರಿಗೆ ಆ ಚಿತ್ರ ತೋರಿಸಿದೆ, ‘ಕೆಚ್ಚಲು ಸರಿಯಾಗಿ ಬಂದಿಲ್ಲ’ ಎಂದರು.

ಈ ಹಣೆಪಟ್ಟಿಗಳಿಂದ ತಂದೆತಾಯಿಗಳಿಗೆ ಉಪಯೋಗವೇ ಇಲ್ಲವೇ ಎಂದು ನೀವು ಕೇಳಬಹುದು. ವಯಸ್ಸಿನ ಮಟ್ಟಿಗೆ ಒಂದಿಷ್ಟು ಇದೆ, ಆದರೆ ಅದೂ ಮೋಸ ಮಾಡುತ್ತದೆ. ಚೌಕದ ಕೆಳಗಿನ ‘ಪುಟಾಣಿಗಳಿಗೆ’ ಸಾಲಿನಲ್ಲಿ ಶಿನ್‌ಚಾನ್ ಇದ್ದಾನೆ. ಮಗು ಅನ್ನ ಉಣ್ಣಲಿ ಎಂದು ನಮ್ಮ ಮನೆಗಳಲ್ಲಿ ಹಾಕುವ ಆ ಐದು ವರ್ಷದ ಪೋರ 1990ರಲ್ಲಿ ಹುಟ್ಟಿದ್ದು ದೊಡ್ಡ ಗಂಡಸರ ವಾರಪತ್ರಿಕೆಯಲ್ಲಿ. ಟಿವಿಗೆ ಬಂದ ಮೇಲೆ ಮನೆಮಂದಿಯ ಪಾಲಾದ. ಅವನ ಬಾಯಿ ಯಾಕೆ ಹಾಗೆ ಎಂದು ಆಶ್ಚರ್ಯಪಡುವ ತಾಯಂದಿರಿಗೆ ಇಷ್ಟು ತಿಳಿದಿದ್ದರೆ ಒಳ್ಳೆಯದಿತ್ತು. ಇನ್ನೊಂದು ಕಡೆ, ಮನುಷ್ಯರನ್ನು ಹಿಡಿದು ತಿನ್ನುವ ದೈತ್ಯರ ಕಥೆ 2009ರಿಂದ 2021ರವರೆಗೆ ಬಂದದ್ದು ಶೋನೆನ್ ಪತ್ರಿಕೆಯಲ್ಲಿ. ‘ಹುಡುಗರದು’ ಎಂಬ ಮಾತನ್ನು ನಂಬಿ ಏಳನೇ ತರಗತಿಯ ಹುಡುಗನ ಪಕ್ಕದಲ್ಲಿ ಕೂತು ನಾನೂ ನೋಡತೊಡಗಿದೆ. ತಾಯಿಯನ್ನು ಎತ್ತಿ ಬಾಯಿಗಿಡುವ ದೃಶ್ಯಕ್ಕೆ ನಾನೇ ರಿಮೋಟು ಹುಡುಕಿದೆ. ಹುಡುಗ ಎದ್ದು ಹೋಗಿ ನೀರು ಕುಡಿದು ಬಂದ. ನಿಮ್ಮ ಬಣ್ಣ ನಮಗೆ ಇದನ್ನು ಹೇಳಲಿಲ್ಲ. ‘ರಕ್ತಪಾತ ಇದೆ’ ಎಂಬ ಎರಡು ಪದ ಹೇಳುತ್ತಿದ್ದವು.

ಪತ್ರಿಕೆಯವರಾದ ನಿಮಗೆ ಒಂದು ವಿಷಯ ವಿಶೇಷವಾಗಿ ಹೇಳಬೇಕು. ಜಪಾನಿನಲ್ಲಿ 1969ರ ಅಕ್ಟೋಬರಿನಿಂದ ಇಂದಿನವರೆಗೆ ಟಿವಿಯಲ್ಲಿ ಬರುತ್ತಿರುವ ಅನಿಮೆಯೊಂದಿದೆ, ‘ಸಜಾಯೆ-ಸಾನ್’. ಭಾನುವಾರ ಸಂಜೆ ಆರೂವರೆಗೆ. ಮಾಚಿಕೊ ಹಸೆಗಾವಾ ಎಂಬ ಹೆಣ್ಣುಮಗಳು 1946ರಲ್ಲಿ ಬರೆಯಲು ಶುರು ಮಾಡಿದ ನಾಲ್ಕು ಚೌಕದ ವ್ಯಂಗ್ಯಚಿತ್ರ ಅದರ ಮೂಲ. ಶೋನೆನ್ ಅಲ್ಲ, ಶೋಜೊ ಅಲ್ಲ, ಯಾವ ಪಟ್ಟಿಯೂ ಅದಕ್ಕೆ ಅಂಟಲಿಲ್ಲ. ಕಾರಣ, ಅದು ಬಂದದ್ದು ದಿನಪತ್ರಿಕೆಯಲ್ಲಿ. ವಾರಪತ್ರಿಕೆಯನ್ನು ಒಬ್ಬ ಕೊಳ್ಳುತ್ತಾನೆ, ದಿನಪತ್ರಿಕೆ ಮನೆಗೆ ಬರುತ್ತದೆ. ನಮ್ಮ ಮನೆಯಲ್ಲಿ ನಿಮ್ಮ ಪತ್ರಿಕೆ ಮೊದಲು ನನ್ನ ಕೈಗೆ, ಆಮೇಲೆ ಅಳಿಯನ ಕ್ರೀಡಾಪುಟಕ್ಕೆ, ಪದಬಂಧಕ್ಕೆ ಮಗಳು, ಕೊನೆಗೆ ನನ್ನಾಕೆಯ ಕೈಯಲ್ಲಿ ಕನ್ನಡಕದೊಂದಿಗೆ ಮಧ್ಯಾಹ್ನವಿಡೀ. ಮಾರನೆಯ ದಿನ ಡಬ್ಬಿಗಳ ಕೆಳಗೆ ಹಾಸುತ್ತೇವೆ. ಇಂಥ ಪತ್ರಿಕೆಯೊಳಗೆ ಕುಳಿತು ನೀವು ಗುಲಾಬಿ, ನೀಲಿ ಮಾಡಿದಿರಲ್ಲ ಎಂಬುದೇ ನನ್ನ ಸಿಟ್ಟು. ನಮ್ಮ ಹಾಸನದವರೇ ಆದ ಬಾನು ಮುಷ್ತಾಕ್ ಅವರ ಕಥೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ನೀವು ಮುಖಪುಟದಲ್ಲಿ ಹಾಕಿದಿರಿ, ಮಹಿಳಾ ಪುರವಣಿಯಲ್ಲಲ್ಲ. ಆ ಕಥೆಗಳ ತುಂಬ ಹೆಂಗಸರೇ ಇದ್ದಾರೆ. ನನ್ನ ಕಪಾಟಿಗೆ ಬಂದಿದ್ದರೆ, ತಲೆ ತಗ್ಗಿಸಿ ಹೇಳುತ್ತೇನೆ, ಹಳದಿ ಟೇಪು ಬೀಳುತ್ತಿತ್ತು.

ಚಿಕ್ಕವನ ಕಾರುತಾಗೆ ಬರುತ್ತೇನೆ. ಅದು ಹೆಂಗಸರ ಪತ್ರಿಕೆಯಲ್ಲಿ ಬಂದ ಕಥೆ ನಿಜ, ಜೋಸೇ. ಆದರೆ ಆಟ? ನೂರು ಕವಿಗಳ ನೂರು ಪುಟ್ಟ ಪದ್ಯಗಳು, ಹದಿಮೂರನೇ ಶತಮಾನದ ಸಂಕಲನ. ಕವಿಗಳಲ್ಲಿ 79 ಗಂಡಸರು, 21 ಹೆಂಗಸರು. ಒಬ್ಬರು ಪದ್ಯದ ಮೇಲಿನ ಭಾಗವನ್ನು ಹಾಡುತ್ತಾರೆ, ನೆಲದ ಮೇಲೆ ಹರಡಿದ ಚೀಟಿಗಳಲ್ಲಿ ಕೆಳಗಿನ ಭಾಗ ಮಾತ್ರ ಇರುತ್ತದೆ. ಎದುರಾಳಿಗಿಂತ ಮೊದಲು ಹೊಡೆದು ಹಾರಿಸಬೇಕು. ಏಳು ಪದ್ಯಗಳನ್ನು ಮೊದಲ ಒಂದೇ ಅಕ್ಷರಕ್ಕೆ ಗುರುತಿಸಬಹುದಂತೆ. ಉಳಿದವಕ್ಕೆ ಎರಡು, ಮೂರು, ಕೆಲವಕ್ಕೆ ಆರು ಅಕ್ಷರ ಕೇಳುವವರೆಗೂ ಕೈ ತಡೆದು ಕಾಯಬೇಕು. ಗಂಡು ಹೆಣ್ಣು ಎದುರುಬದುರು ಕೂತೇ ಆಡುತ್ತಾರೆ.

ಹುಡುಗ ಇದನ್ನು ಕನ್ನಡಕ್ಕೆ ತಂದಿದ್ದಾನೆ. ಅಂಗಡಿಯಿಂದ ದಪ್ಪ ಡ್ರಾಯಿಂಗ್ ಹಾಳೆ ಒಯ್ದು ಅರವತ್ತು ಚೀಟಿ ಕತ್ತರಿಸಿದ. ಪದ್ಯಕ್ಕೆ ಬದಲು ಗಾದೆ. ‘ಹಾಸಿಗೆ ಇದ್ದಷ್ಟು’ ಎಂದು ಓದಿದರೆ ‘ಕಾಲು ಚಾಚು’ ಚೀಟಿಗೆ ಕೈ ಹಾಕಬೇಕು. ಸುಲಭವೆಂದುಕೊಂಡು ನಾನೂ ಕೂತೆ. ‘ಹಾ’ ಎಂದ ಕೂಡಲೇ ‘ಕಾಲು ಚಾಚು’ ಬಡಿದೆ. ನನ್ನಾಕೆ ಓದುತ್ತಿದ್ದವಳು ನಿಧಾನವಾಗಿ, ‘...ವೂ ಸಾಯಬಾರದು’ ಎಂದಳು. ‘ಕೋಲೂ ಮುರಿಯಬಾರದು’ ಹುಡುಗನ ಕೈಯಲ್ಲಿತ್ತು. ‘ಕೈ’ ಎಂದಾಗಲೂ ಹಾಗೆಯೇ: ಮುಂದಿನದು ‘ಕೆ’ಯೋ ‘ಗೆ’ಯೋ ಕೇಳಿಸಿಕೊಳ್ಳಬೇಕು, ‘ಕೆಸರಾದರೆ’ ಆದರೆ ಮೊಸರು, ‘ಗೆ ಬಂದ ತುತ್ತು’ ಆದರೆ ಬಾಯಿಗೆ ಬರಲಿಲ್ಲ. ಮೈದಾನದಲ್ಲಿ ಮೂಲೆ ಹುಡುಕುವ ಹುಡುಗ ಇಲ್ಲಿ ಮಂಡಿಯೂರಿ ಹಲ್ಲಿಯ ಹಾಗೆ ನೆಲಕ್ಕೆ ಒರಗಿ ಕಾಯುತ್ತಾನೆ. ಅಕ್ಕನದು ವಾಲಿಬಾಲಿನ ಕೈ, ಅವಳು ಬಡಿದ ಚೀಟಿ ಅಡುಗೆಮನೆಯಲ್ಲಿ ಸಿಗುತ್ತದೆ. ಆದರೂ ಸೋಲುತ್ತಾಳೆ, ಕಿವಿಗಿಂತ ಕೈ ಮುಂದು. ‘ಹೆಣ್ಣಿಗೆ ಹಟ ಇರಬಾರದು, ಗಂಡಿಗೆ ಚಟ ಇರಬಾರದು’ ಎಂಬ ಗಾದೆಯ ಚೀಟಿ ಮೊದಲ ದಿನವೇ ಕಾಣೆಯಾಯಿತು. ಕೇಳಿದರೆ ದೊಡ್ಡವಳು ಫ್ಯಾನು ನೋಡುತ್ತಾಳೆ. ಈಗ ಐವತ್ತೊಂಬತ್ತರಲ್ಲೇ ಆಟ.

ನಿನ್ನೆ ಶುಕ್ರವಾರ ಸಂಜೆ ವ್ಯಾನಿನ ಇಬ್ಬರು ಹುಡುಗರು ಮನೆಗೆ ಬಂದಿದ್ದರು. ‘ಗುಲಾಬಿ’ ಎಂದು ಶುರು ಮಾಡಿದವನೇ ಒಬ್ಬ. ಹನ್ನೊಂದು ಚೀಟಿಗೆ ಸೋತು, ನಾಳೆ ಮತ್ತೆ ಬರುತ್ತೇನೆ ಎಂದು ಹೇಳಿ ಹೋದ. ಹಾಗೆಂದು ಎಲ್ಲ ಸರಿಹೋಯಿತು ಎಂದು ತಿಳಿಯಬೇಡಿ. ಸೋಮವಾರಕ್ಕೂ ಸ್ಕೂಟರೇ ಎಂದು ಹುಡುಗ ಹೇಳಿಟ್ಟಿದ್ದಾನೆ.

ನನ್ನ ಕೋರಿಕೆ ಚಿಕ್ಕದು. ಮುಂದಿನ ಭಾನುವಾರ ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಅದೇ ಹೆಸರುಗಳನ್ನು ಇನ್ನೊಮ್ಮೆ ಹಾಕಿ. ಪ್ರತಿಯೊಂದರ ಮುಂದೆ ಅದು ಮೊದಲು ಯಾವ ಪತ್ರಿಕೆಯಲ್ಲಿ, ಯಾವ ವರ್ಷ ಬಂತು ಎಂದು ಬರೆಯಿರಿ. ಎಷ್ಟು ವಯಸ್ಸಿನವರು ತಡೆದುಕೊಳ್ಳಬಹುದು, ಹೊಡೆದಾಟ ಇದೆಯೇ, ಹೊಲಸು ಮಾತು ಇದೆಯೇ, ಅಳು ಬರುತ್ತದೆಯೇ ಎಂದು ಬರೆಯಿರಿ. ‘ನೋಡಬೇಕಾದವು’ ಎಂಬುದನ್ನು ತೆಗೆದುಬಿಡಿ, ಪಠ್ಯಪುಸ್ತಕವಲ್ಲ. ಬಣ್ಣ ಹಾಕಲೇಬೇಕಿದ್ದರೆ ಎಲ್ಲಕ್ಕೂ ಹಸಿರು ಹಾಕಿ, ಮಳೆಗಾಲಕ್ಕೆ ಚೆನ್ನಾಗಿರುತ್ತದೆ.

ನನ್ನ ಪಾಲಿನ ಕೆಲಸ ನಾನು ಶುರು ಮಾಡಿದ್ದೇನೆ. ಇಂದು ಬೆಳಿಗ್ಗೆ ಹಳೆಯ ಕಪಾಟಿನ ಮುಂದೆ ಸ್ಟೂಲು ಹಾಕಿಕೊಂಡು ಕೂತು ಟೇಪು ಕೀಳುತ್ತಿದ್ದೇನೆ. ಮೂವತ್ತು ವರ್ಷದ ಅಂಟು, ಸುಲಭಕ್ಕೆ ಬರುವುದಿಲ್ಲ. ಕೆಂಪು ಎದ್ದರೆ ಜತೆಗೆ ಪುಸ್ತಕದ ಹೆಸರೂ ಎದ್ದು ಬರುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಪರವಾಗಿಲ್ಲ. ಮಧ್ಯಾಹ್ನದವರೆಗೆ ಇಪ್ಪತ್ತಾರು ಮುಗಿದಿವೆ.

ಇಂತಿ ನಿಮ್ಮ ಹಳೆಯ ಓದುಗ,
ಬಾಡಿಗೆ ಪುಸ್ತಕದಂಗಡಿಯವನು, ಹಾಸನ

ವಿ.ಸೂ.: ಕತ್ತರಿ ಆಡಿಸಿದರೂ ಇದೊಂದನ್ನು ಉಳಿಸಿ. ಎಸ್ಟೇಟಿನ ರೈಟರ ಹೆಸರಿನಲ್ಲಿ 1998ರಿಂದ ಒಂದು ಹಳದಿ ಪುಸ್ತಕ ಬಾಕಿ ಇದೆ, ಎರಡು ಭಾಗದ ಕಾದಂಬರಿಯ ಮೊದಲ ಭಾಗ. ಅವರು ಈ ಪತ್ರ ಓದಿದರೆ, ಎರಡನೇ ಭಾಗ ನನ್ನ ಬಳಿ ಹಾಗೆಯೇ ಇದೆ. ಟೇಪು ತೆಗೆದಿದ್ದೇನೆ. ಬಂದು ಒಯ್ಯಬಹುದು, ಯಾರಿಗೆ ಎಂದು ಹೇಳಬೇಕಾಗಿಲ್ಲ.